ಶಮೊನಿಯ ಸರದಿ: ಆಲ್ಪ್ಸ್ ಪರ್ವತದ ಒಂದು ಹಳ್ಳಿ ಮತ್ತು ಅದರ ಗೈಡ್‌ಗಳು

ಫ್ರಾನ್ಸಿನ ಪೂರ್ವದ ಅಂಚಿನಲ್ಲಿ, ಇಟಲಿ ಮತ್ತು ಸ್ವಿಟ್ಜರ್ಲೆಂಡ್ ದೇಶಗಳ ಗಡಿಗಳು ಹತ್ತಿರವಾಗುವ ಎಡೆಯಲ್ಲಿ, ಆರ್ವ್ ನದಿ ಕೊರೆದ ಕಿರಿದಾದ ಕಣಿವೆಯೊಳಗೆ ಶಮೊನಿ ಎಂಬ ಊರಿದೆ. ಊರು ಇರುವುದು ಸಮುದ್ರಮಟ್ಟದಿಂದ ಸುಮಾರು 1,035 ಮೀಟರ್ ಎತ್ತರದಲ್ಲಾದರೆ, ಅದರ ದಕ್ಷಿಣಕ್ಕೆ ಏಳುವ ಮೌಂಟ್ ಬ್ಲಾಂಕ್ ಶಿಖರದ ಎತ್ತರ 4,800 ಮೀಟರಿಗೂ ಮಿಗಿಲು. ಊರಿನ ಬೀದಿಯಲ್ಲಿ ನಿಂತವರ ಕಣ್ಣಿಗೆ ಇವೆರಡರ ನಡುವಿನ ಮೂರೂಮುಕ್ಕಾಲು ಕಿಲೋಮೀಟರಿನಷ್ಟು ಏರು ಒಂದೇ ನೋಟದಲ್ಲಿ ಸಿಗುತ್ತದೆ. ಬೇಸಿಗೆಯಲ್ಲಿ ಶಿಖರಾರೋಹಣ ಮತ್ತು ಚಾರಣಕ್ಕೂ, ಚಳಿಗಾಲದಲ್ಲಿ ಸ್ಕೀಯಿಂಗಿಗೂ ಇಲ್ಲಿಗೆ ಬರುವವರ ಸಂಖ್ಯೆ ಊರಿನ ಜನಸಂಖ್ಯೆಯ ಹಲವು ಪಟ್ಟು. ಇಂತಹ ಊರುಗಳ ಚರಿತ್ರೆಯನ್ನು ಯಾವ ಶಿಖರವನ್ನು ಯಾರು ಮೊದಲು ಏರಿದರೆಂಬ ಪಟ್ಟಿಯಾಗಿ ಬರೆಯುವ ರೂಢಿ ಬಲವಾಗಿ ಬೇರೂರಿದೆ. ಆದರೆ ಶಮೊನಿಯ ವಿಷಯದಲ್ಲಿ ಆ ಪಟ್ಟಿಗಿಂತ ಹೆಚ್ಚು ಗಮನಕ್ಕೆ ಅರ್ಹವಾದದ್ದು ಅಲ್ಲಿನ ರೈತರು 1821ರಲ್ಲಿ ಕಟ್ಟಿಕೊಂಡ ಒಂದು ಸಂಸ್ಥೆ. ಬೆಟ್ಟದಿಂದ ಬರುವ ಕೂಲಿಯನ್ನೂ ಬೆಟ್ಟ ತಂದೊಡ್ಡುವ ಸಾವನ್ನೂ ಇಡೀ ಕಣಿವೆ ಹಂಚಿಕೊಳ್ಳಬೇಕೆಂಬ ನಿಶ್ಚಯದಿಂದ ಅದು ಹುಟ್ಟಿತು.

ಹದಿನೆಂಟನೆಯ ಶತಮಾನದ ಮೊದಲ ಭಾಗದವರೆಗೆ ಈ ಕಣಿವೆಯ ಬದುಕು ಬಡ ಬೇಸಾಯಗಾರರ ಬದುಕಾಗಿತ್ತು. ಹನ್ನೊಂದನೆಯ ಶತಮಾನದ ಕೊನೆಗೆ ಬೆನೆಡಿಕ್ಟ್ ಪಂಥದ ಕ್ರೈಸ್ತ ಸನ್ಯಾಸಿಗಳು ಇಲ್ಲೊಂದು ಮಠವನ್ನು ಸ್ಥಾಪಿಸಿದ್ದರು. ಅಂದಿನಿಂದ ಜನ ರೈ, ಬಾರ್ಲಿ, ಓಟ್ಸ್ ಬೆಳೆದುಕೊಂಡು, ಬೇಸಿಗೆಯ ಕೆಲವೇ ತಿಂಗಳು ದನಗಳನ್ನು ಮೇಲಿನ ಹುಲ್ಲುಗಾವಲಿಗೆ ಅಟ್ಟಿ, ಉಳಿದ ಕಾಲವೆಲ್ಲ ಹಿಮದಲ್ಲಿ ಮುಚ್ಚಿಹೋದ ಮನೆಗಳಲ್ಲಿ ದನಗಳ ಜೊತೆಯಲ್ಲೇ ಇದ್ದು ಜೀವನ ಸಾಗಿಸುತ್ತಿದ್ದರು. ಹಿಮನದಿ, ಅಂದರೆ ಮೇಲಿನ ಹಿಮರಾಶಿ ಒತ್ತಿ ಗಟ್ಟಿಯಾಗಿ ನಿಧಾನವಾಗಿ ಕೆಳಕ್ಕೆ ಸರಿಯುವ ಮಂಜುಗಡ್ಡೆಯ ಪ್ರವಾಹ, ಅವರ ಪಾಲಿಗೆ ನೋಡಿ ಸಂತೋಷಪಡುವ ವಸ್ತುವಾಗಿರಲಿಲ್ಲ. ಯುರೋಪಿನ ಹವೆ ತಣ್ಣಗಾಗಿದ್ದ, ಚರಿತ್ರಕಾರರು ಕಿರು ಹಿಮಯುಗವೆಂದು ಕರೆಯುವ ಅವಧಿಯಲ್ಲಿ, 1600ರ ಸುಮಾರಿನಿಂದ ಇಲ್ಲಿನ ಹಿಮನದಿಗಳು ಮುಂದೊತ್ತಿ ಬಂದು ಹೊಲಗಳನ್ನೂ ಮನೆಗಳನ್ನೂ ನುಂಗಿದವು. 1644ರಲ್ಲಿ ಜಿನೀವಾ ಧರ್ಮಪ್ರಾಂತ್ಯದ ಸಹಾಯಕ ಬಿಷಪ್ ಶಾರ್ಲ್ ದ ಸಾಲ್ ಸುಮಾರು 300 ಮಂದಿಯ ಮೆರವಣಿಗೆಯೊಂದಿಗೆ ಹಿಮನದಿಯ ತುದಿಯವರೆಗೆ ನಡೆದು, ಅದು ಹಿಂದೆ ಸರಿಯಲೆಂದು ಪ್ರಾರ್ಥಿಸಿ ಪವಿತ್ರಜಲ ಪ್ರೋಕ್ಷಿಸಿದನೆಂಬುದು ಊರಿನವರ ಭಯ ಎಷ್ಟಿತ್ತೆಂಬುದನ್ನು ತೋರಿಸುತ್ತದೆ.

ಆದರೂ ಹಿಮದ ಮೇಲೆ ಓಡಾಡುವ ಕೆಲವರು ಹಳ್ಳಿಯಲ್ಲಿದ್ದರು. ಶಾಮ್ವಾ ಎಂಬ ಬೆಟ್ಟದ ಕಾಡುಮೇಕೆಯನ್ನು ಬೇಟೆಯಾಡುವವರು ಒಂದು ವರ್ಗವಾದರೆ, ಬಂಡೆಯ ಪೊಟರೆಗಳಲ್ಲಿ ಸ್ಫಟಿಕ ಹುಡುಕುವವರು ಇನ್ನೊಂದು ವರ್ಗ. ಹೊಗೆಬಣ್ಣದ ಕ್ವಾರ್ಟ್ಜ್ ಹರಳುಗಳಿಗೂ ಈ ಬೆಟ್ಟಸಾಲಿನ ಹೆಸರಾಂತ ಗುಲಾಬಿ ಬಣ್ಣದ ಫ್ಲೋರೈಟ್ ಹರಳುಗಳಿಗೂ ಹೊರಗಿನ ಪೇಟೆಗಳಲ್ಲಿ ಬೆಲೆಯಿತ್ತು. ಬೆಟ್ಟದ ಜ್ಞಾನವೆಲ್ಲ ಇವರಲ್ಲಿತ್ತು: ಹೊಸ ಹಿಮ ಬಿದ್ದ ಮೇಲೆ ಎಷ್ಟು ದಿನ ಕಾಯಬೇಕು, ಹಿಮನದಿಯ ಮೈಯಲ್ಲಿ ಬಾಯ್ದೆರೆಯುವ ಆಳವಾದ ಬಿರುಕುಗಳ ಮೇಲೆ ತೆಳ್ಳಗೆ ಹಾಸಿರುವ ಹಿಮದ ಸೇತುವೆ ಯಾವ ಹೊತ್ತಿನಲ್ಲಿ ಮನುಷ್ಯನ ಭಾರ ತಡೆಯುತ್ತದೆ, ಕಲ್ಲು ಉರುಳುವ ಇಳಿಜಾರನ್ನು ಬೆಳಗಿನ ಜಾವದಲ್ಲೇ ಏಕೆ ದಾಟಬೇಕು ಎಂಬುದೆಲ್ಲ ಅವರಿಗೆ ಹೊಟ್ಟೆಪಾಡಿನ ವಿದ್ಯೆಯಾಗಿತ್ತು. ಮುಂದೆ ಶಿಖರಾರೋಹಣವೆಂಬ ಹೆಸರಿನಲ್ಲಿ ಜಗತ್ತು ಕಲಿತದ್ದರ ಬುನಾದಿ ಈ ವಿದ್ಯೆಯೇ.

1741ರಲ್ಲಿ ವಿಲಿಯಂ ವಿಂಡಮ್ ಮತ್ತು ರಿಚರ್ಡ್ ಪೋಕಾಕ್ ಎಂಬ ಇಂಗ್ಲಿಷರು ಜಿನೀವಾದಿಂದ ಆಯುಧ ಹೊತ್ತ ತಂಡದೊಂದಿಗೆ ಕಣಿವೆಗೆ ಬಂದು, ಹಳ್ಳಿಗರ ನೆರವಿನಿಂದ ಮೋಂತಾವೇರ್ ಎಂಬ ದಿಬ್ಬ ಹತ್ತಿ ದೊಡ್ಡ ಹಿಮನದಿಯನ್ನು ಕಂಡರು. ವಿಂಡಮ್ ಅದನ್ನು ಹೆಪ್ಪುಗಟ್ಟಿದ ಜಲರಾಶಿಯಂತೆ ವರ್ಣಿಸಿದ್ದರಿಂದ ಮುಂದೆ ಅದಕ್ಕೆ ಮೇರ್ ದ ಗ್ಲಾಸ್, ಅಂದರೆ ಮಂಜುಗಡ್ಡೆಯ ಸಮುದ್ರ ಎಂಬ ಹೆಸರು ನಿಂತಿತು. ಈ ಭೇಟಿಯನ್ನು ಶಮೊನಿಯ ಶೋಧವೆಂದು ಕೊಂಡಾಡುವ ಗ್ರಂಥಗಳು ಕಡಿಮೆಯಿಲ್ಲ. ಆರುನೂರೈವತ್ತು ವರ್ಷಗಳಿಂದ ಮಠವೂ ಕಂದಾಯದ ಲೆಕ್ಕವೂ ಇದ್ದ ಊರನ್ನು ಶೋಧಿಸಲಾಯಿತೆಂದು ಹೇಳುವುದು ಒಪ್ಪತಕ್ಕ ಮಾತಲ್ಲ. ಅಂದು ಆದದ್ದಿಷ್ಟೇ: ದಾರಿ ತೋರಿಸುವುದಕ್ಕೆ ದುಡ್ಡು ಕೊಡುವ ಜನ ಇದ್ದಾರೆಂದು ಹಳ್ಳಿಗೆ ಗೊತ್ತಾಯಿತು.

ಆ ಗೊತ್ತನ್ನು ಕಸುಬಾಗಿ ಬೆಳೆಸಿದವನು ಜಿನೀವಾದ ಪ್ರಕೃತಿವಿಜ್ಞಾನಿ ಒರಾಸ್ ಬೆನೆಡಿಕ್ಟ್ ದ ಸೊಸ್ಯೂರ್. 1760ರಲ್ಲಿ, ಇಪ್ಪತ್ತರ ಹರೆಯದಲ್ಲಿ ಮೊದಲ ಬಾರಿ ಶಮೊನಿಗೆ ಬಂದ ಅವನು ಮೌಂಟ್ ಬ್ಲಾಂಕ್ ತುದಿಗೆ ದಾರಿ ಕಂಡುಹಿಡಿದವರಿಗೆ ಬಹುಮಾನ ಕೊಡುವುದಾಗಿ ಸಾರಿದನು. ಬಹುಮಾನಕ್ಕೆ ಹಕ್ಕುದಾರರು ಸಿಗಲು 26 ವರ್ಷ ಬೇಕಾಯಿತು. 1786ರ ಆಗಸ್ಟ್ 8ರಂದು ಸಂಜೆ ಆರು ಗಂಟೆ ಕಳೆದ ಮೇಲೆ, ಹಳ್ಳಿಯ ವೈದ್ಯ ಮಿಶೆಲ್ ಗಾಬ್ರಿಯೆಲ್ ಪಾಕಾರ್ ಮತ್ತು ಸ್ಫಟಿಕ ಹುಡುಕುವ ಕಸುಬಿನ ಜಾಕ್ ಬಾಲ್ಮಾ ಶಿಖರದ ಮೇಲೆ ನಿಂತರು. ಅವರ ಬಳಿ ಹಗ್ಗವಿರಲಿಲ್ಲ, ಹಿಮಗೊಡಲಿಯಿರಲಿಲ್ಲ, ಬಿರುಕು ದಾಟಲು ಏಣಿಯೂ ಇರಲಿಲ್ಲ. ಆಸರೆಗಿದ್ದದ್ದು ಆಳೆತ್ತರ ಮೀರಿದ ಊರುಗೋಲುಗಳು ಮಾತ್ರ. ಈ ಸಾಹಸದ ಕೀರ್ತಿ ಸರಿಯಾಗಿ ಹಂಚಿಕೆಯಾಗಲಿಲ್ಲ. ತಾನೂ ಶಿಖರ ಏರಲು ಹವಣಿಸಿ ಸೋತಿದ್ದ ಜಿನೀವಾದ ಲೇಖಕ ಮಾರ್ಕ್ ತಿಯೊಡೋರ್ ಬೂರಿ ಬಾಲ್ಮಾನನ್ನು ಹೊಗಳಿ ಪಾಕಾರನ ಪಾತ್ರವನ್ನು ತಗ್ಗಿಸಿ ಬರೆದನು. 1887ರಲ್ಲಿ ಊರಿನ ನಡುವೆ ನಿಲ್ಲಿಸಿದ ಪ್ರತಿಮೆಯಲ್ಲಿ ಬಾಲ್ಮಾ ಸೊಸ್ಯೂರನಿಗೆ ಶಿಖರವನ್ನು ಬೆರಳಿಟ್ಟು ತೋರಿಸುತ್ತಿದ್ದಾನೆಯೇ ಹೊರತು, ನಿಜವಾಗಿ ಜೊತೆಗೆ ಹತ್ತಿದ್ದ ವೈದ್ಯನ ಸುಳಿವಿಲ್ಲ. ಅದೇ ದಿನ ಊರಿನಿಂದ ದೂರದರ್ಶಕದ ಮೂಲಕ ಇಬ್ಬರ ನಡೆಯನ್ನು ಗಮನಿಸಿ ಬರೆದಿಟ್ಟಿದ್ದ ಜರ್ಮನ್ ಪ್ರವಾಸಿ ಗೆರ್ಸ್‌ಡಾರ್ಫನ ಟಿಪ್ಪಣಿಗಳಂಥ ಸಾಕ್ಷ್ಯಗಳಿಂದ ಪಾಕಾರನ ಹೆಸರು ಮತ್ತೆ ಎದ್ದು ನಿಂತಿತಾದರೂ, ಅವನಿಗೆ ಊರಿನಲ್ಲಿ ಪ್ರತಿಮೆ ಎದ್ದದ್ದು ಘಟನೆಗೆ ಇನ್ನೂರು ವರ್ಷ ತುಂಬಿದ 1986ರಲ್ಲಿ.

ಮರುವರ್ಷ, 1787ರ ಆಗಸ್ಟ್ 3ರಂದು, ಸೊಸ್ಯೂರ್ ತಾನೇ ಶಿಖರವೇರಿ, ವಾಯುಭಾರ ಅಳೆದು, ನೀರು ಕುದಿಯುವ ಉಷ್ಣತೆಯನ್ನು ಪರೀಕ್ಷಿಸಿ, ನಾಲ್ಕು ತಾಸಿಗೂ ಹೆಚ್ಚು ಹೊತ್ತು ಅಲ್ಲಿ ಕೆಲಸ ಮಾಡಿದನು. ಅವನೊಡನೆ ಹೋದ ಗೈಡ್‌ಗಳ ಸಂಖ್ಯೆ 18. ಉಪಕರಣಗಳು, ಗುಡಾರ, ಏಣಿ, ಆಹಾರ ಎಲ್ಲವೂ ಅವರ ಬೆನ್ನ ಮೇಲಿದ್ದವು. ಒಬ್ಬ ಪ್ರವಾಸಿಯ ಸುತ್ತ ಹಳ್ಳಿಯ ಹದಿನೆಂಟು ಸಂಸಾರಗಳ ದುಡಿಮೆ ಸೇರುವ ಈ ಮಾದರಿ ಮುಂದಿನ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಡೆಯಿತು.

ದುಡಿಮೆ ಹೆಚ್ಚಿದಂತೆ ಪೈಪೋಟಿಯೂ ಹೆಚ್ಚಿತು. ಗಾಡಿ ಊರು ಮುಟ್ಟುವ ಮೊದಲೇ ಪ್ರವಾಸಿಯನ್ನು ಮುತ್ತಿಕೊಳ್ಳುವುದು, ಹೋಟೆಲಿನವರಿಗೆ ಬೇಕಾದವರಿಗಷ್ಟೇ ಕೆಲಸ ಸಿಗುವುದು, ಬೆಟ್ಟ ತಿಳಿಯದವನೂ ಗೈಡ್ ಎಂದು ಹೇಳಿಕೊಳ್ಳುವುದು ಇಂಥ ಊರುಗಳಲ್ಲೆಲ್ಲ ಏಳುವ ತೊಡಕುಗಳು. ಶಮೊನಿಯಲ್ಲಿ ಇವಕ್ಕೊಂದು ಕಟ್ಟಳೆ ಬರುವಂತೆ ಮಾಡಿದ್ದು 1820ರ ಆಗಸ್ಟ್ 20ರ ದುರಂತ. ರಷ್ಯಾದ ಸೇವೆಯಲ್ಲಿದ್ದ ಜೋಸೆಫ್ ಹಾಮೆಲ್ ಎಂಬ ವೈದ್ಯ ಆಕ್ಸ್‌ಫರ್ಡಿನ ಇಬ್ಬರು ಇಂಗ್ಲಿಷರೊಡನೆ ಮೌಂಟ್ ಬ್ಲಾಂಕ್ ಏರಲು ಹೊರಟಿದ್ದನು. ಗ್ರಾಂ ಮ್ಯುಲೆ ಎಂಬ ಬಂಡೆಯ ಬಳಿ ಬಿರುಗಾಳಿಗೆ ಸಿಕ್ಕಿ ತಂಗಿದ್ದ ತಂಡ ಹವೆ ತಿಳಿಯಾದ ಕೂಡಲೇ ಮೇಲೇರತೊಡಗಿತು. ಹೊಸದಾಗಿ ಬಿದ್ದ ಹಿಮದ ಇಳಿಜಾರನ್ನು ಅಡ್ಡಲಾಗಿ ದಾಟುವಾಗ ಇಡೀ ಹಿಮದ ಪದರವೇ ಜಾರಿತು. ಮುಂದೆ ನಡೆಯುತ್ತಿದ್ದ ಗೈಡ್‌ಗಳಲ್ಲಿ ಪಿಯೇರ್ ಕಾರ್ಯೆ, ಪಿಯೇರ್ ಬಾಲ್ಮಾ ಮತ್ತು ಒಗುಸ್ತ್ ತೆರಾಜ್ ಎಂಬ ಮೂವರು ಹಿಮನದಿಯ ಬಿರುಕಿನೊಳಕ್ಕೆ ಬಿದ್ದು ಸತ್ತರು. ಪ್ರವಾಸಿಗಳು ಮೂವರೂ ಬದುಕಿ ಊರು ಸೇರಿದರು. ಸತ್ತವರ ಮನೆಯವರನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ಅಂದಿನವರೆಗೆ ಪ್ರವಾಸಿಯ ದಯೆಯಲ್ಲದೆ ಬೇರೆ ಉತ್ತರವಿರಲಿಲ್ಲ.

1821ರಲ್ಲಿ ಊರಿನ ಪಂಚಾಯತಿ ಗೈಡ್‌ಗಳ ಕಂಪನಿಯನ್ನು ಸ್ಥಾಪಿಸಿತು. ಇಲ್ಲಿ ಕಂಪನಿ ಎಂದರೆ ಲಾಭಕ್ಕೆ ಬಂಡವಾಳ ಹೂಡಿದವರ ಕೂಟವಲ್ಲ, ಒಂದೇ ಕಸುಬಿನವರ ಸಂಘ. ಶಮೊನಿ ಇರುವ ಸವಾಯ್ ಪ್ರಾಂತ್ಯ ಆಗ ಫ್ರಾನ್ಸಿಗೆ ಸೇರಿರಲಿಲ್ಲವಾದ್ದರಿಂದ, ಅದನ್ನು ಆಳುತ್ತಿದ್ದ ಸಾರ್ಡೀನಿಯಾ ರಾಜ್ಯದ ಸರ್ಕಾರವು ಈ ಏರ್ಪಾಟಿಗೆ ಒಪ್ಪಿಗೆ ನೀಡಿ, 1823ರ ನಿಯಮಾವಳಿಯ ಮೂಲಕ ಅದಕ್ಕೆ ಕಾನೂನಿನ ಬಲ ಕೊಟ್ಟಿತು. ಏರ್ಪಾಟಿನ ಎರಡು ಕಂಬಗಳೆಂದರೆ ಸರದಿ ಮತ್ತು ನಿಧಿ. ಸರದಿಯ ಪ್ರಕಾರ ಗೈಡ್‌ಗಳ ಹೆಸರುಗಳು ಒಂದು ಪಟ್ಟಿಯಲ್ಲಿರುತ್ತಿದ್ದವು. ಪ್ರವಾಸಿ ಮುಖ್ಯ ಗೈಡ್‌ನ ಕಚೇರಿಗೆ ಬಂದು ಹೋಗಬೇಕಾದ ಜಾಗ ಹೇಳಿದರೆ, ಪಟ್ಟಿಯಲ್ಲಿ ಯಾರ ಪಾಳಿಯೋ ಅವನೇ ಹೊರಡಬೇಕು. ಪ್ರವಾಸಿಗೆ ಆರಿಸುವ ಹಕ್ಕಿಲ್ಲ, ಗೈಡ್‌ಗೆ ಒಲ್ಲೆ ಎನ್ನುವ ಹಕ್ಕಿಲ್ಲ, ಗೊತ್ತಾದ ದರದಲ್ಲಿ ಚೌಕಾಶಿಯೂ ಇಲ್ಲ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಮೌಂಟ್ ಬ್ಲಾಂಕ್ ಏರುವ ಒಬ್ಬ ಗೈಡ್‌ನ ದರ 100 ಫ್ರಾಂಕ್ ಇತ್ತು, ಮತ್ತು ಒಬ್ಬೊಬ್ಬ ಪ್ರವಾಸಿಗೂ ನಾಲ್ವರು ಗೈಡ್‌ಗಳಿರಬೇಕೆಂಬ ನಿಯಮವಿತ್ತು. ದುಡಿದ ದುಡ್ಡಿನಲ್ಲಿ ಒಂದು ಪಾಲು ನಿಧಿಗೆ ಹೋಗುತ್ತಿತ್ತು. ಗಾಯಗೊಂಡವನಿಗೆ, ಗೈಡ್‌ನ ವಿಧವೆಗೆ, ಅವನ ಮಕ್ಕಳಿಗೆ ಆ ನಿಧಿಯಿಂದ ನೆರವು ಸಲ್ಲುತ್ತಿತ್ತು. ಯುರೋಪಿನ ಬಹುತೇಕ ಕಾರ್ಮಿಕರಿಗೆ ಅಪಘಾತದ ವಿಮೆಯೆಂಬುದು ಇರದಿದ್ದ ಕಾಲದಲ್ಲಿ ಒಂದು ಬೆಟ್ಟದ ಹಳ್ಳಿ ಇದನ್ನು ತಾನಾಗಿ ರೂಪಿಸಿಕೊಂಡಿತೆಂಬುದನ್ನು ಮನಸ್ಸಿಟ್ಟು ನೆನೆಯಬೇಕು.

ಹಾಮೆಲ್ ದುರಂತದ ಕಥೆ ಅಲ್ಲಿಗೇ ಮುಗಿಯಲಿಲ್ಲ. ಹಿಮನದಿಗಳ ವೇಗವನ್ನು ಅಳೆದಿದ್ದ ಸ್ಕಾಟ್ಲೆಂಡಿನ ವಿಜ್ಞಾನಿ ಜೇಮ್ಸ್ ಡೇವಿಡ್ ಫೋರ್ಬ್ಸ್ ಆ ಮೂವರ ದೇಹಗಳು ಸುಮಾರು ನಾಲ್ಕು ದಶಕಗಳ ತರುವಾಯ ಬೊಸೋಂ ಹಿಮನದಿಯ ಕೆಳತುದಿಯಲ್ಲಿ ಹೊರಬೀಳಬಹುದೆಂದು ಅಂದಾಜು ಮಾಡಿದ್ದನು. 1861ರಲ್ಲಿ ಅಲ್ಲಿ ಮೂಳೆಗಳೂ ಬಟ್ಟೆಯ ಚೂರುಗಳೂ ಸಾಮಾನುಗಳೂ ಕಾಣಿಸಿಕೊಳ್ಳತೊಡಗಿದಾಗ, ಅಂದಿನ ದುರಂತದಲ್ಲಿ ಬದುಕುಳಿದು ಈಗ ಮುದುಕನಾಗಿದ್ದ ಕುಟೆ ಮನೆತನದ ಗೈಡ್ ತನ್ನ ಜೊತೆಗಾರರ ಅವಶೇಷಗಳನ್ನು ಗುರುತಿಸಿದನು. ಒಂದು ವೈಜ್ಞಾನಿಕ ಲೆಕ್ಕಾಚಾರ ಇಷ್ಟು ದುಃಖಕರವಾಗಿ ನಿಜವಾದ ಉದಾಹರಣೆ ವಿರಳ.

ಕಂಪನಿಯ ವಿರುದ್ಧದ ದೂರುಗಳು ಬಂದದ್ದು ಮುಖ್ಯವಾಗಿ ಇಂಗ್ಲೆಂಡಿನಿಂದ. 1851ರಲ್ಲಿ ಆಲ್ಬರ್ಟ್ ಸ್ಮಿತ್ ಎಂಬ ಲಂಡನ್ನಿನ ಮನರಂಜನಕಾರ ಇನ್ನು ಮೂವರು ಪ್ರವಾಸಿಗಳನ್ನು ಕೂಡಿಕೊಂಡು ಮೌಂಟ್ ಬ್ಲಾಂಕ್ ಏರಿದಾಗ ನಿಯಮದಂತೆ 16 ಗೈಡ್‌ಗಳು ಜೊತೆಗಿದ್ದರು. ಅವರೂ ಹಮಾಲರೂ ಹೊತ್ತ ಬುತ್ತಿಯಲ್ಲಿ ಸಾಧಾರಣ ವೈನಿನ 60 ಬಾಟಲಿಗಳೂ ದೊಡ್ಡವು 11, ಚಿಕ್ಕವು 35 ಕೋಳಿಗಳೂ ಇದ್ದವು. ಸ್ಮಿತ್ ಮರುವರ್ಷದಿಂದ ಲಂಡನ್ನಿನ ಈಜಿಪ್ಷಿಯನ್ ಹಾಲ್‌ನಲ್ಲಿ ಈ ಆರೋಹಣವನ್ನು ಚಿತ್ರಪಟಗಳೊಡನೆ ಪ್ರದರ್ಶಿಸತೊಡಗಿ, ಆರು ವರ್ಷಗಳ ಕಾಲ ಜನರನ್ನು ಸೆಳೆದನು. ಆ ಪ್ರದರ್ಶನ ನೋಡಿದವರಲ್ಲಿ ಅನೇಕರು ಶಮೊನಿಯ ಹಾದಿ ಹಿಡಿದರು. ಇದೇ ಹೊತ್ತಿಗೆ ಬೆಟ್ಟ ಹತ್ತುವುದನ್ನೇ ಗಂಭೀರ ಕ್ರೀಡೆಯಾಗಿ ಭಾವಿಸಿದ ಇನ್ನೊಂದು ಪೀಳಿಗೆ ಬಂದಿತ್ತು. 1857ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಆಲ್ಪೈನ್ ಕ್ಲಬ್ಬಿನ ಸದಸ್ಯರಿಗೆ ಒಬ್ಬರೋ ಇಬ್ಬರೋ ಸಮರ್ಥ ಗೈಡ್‌ಗಳು ಸಾಕಾಗಿದ್ದರು, ಮತ್ತು ಆ ಸಮರ್ಥರನ್ನು ತಾವೇ ಆರಿಸಬೇಕೆಂಬುದು ಅವರ ಹಟವಾಗಿತ್ತು. ಭೌತವಿಜ್ಞಾನಿ ಜಾನ್ ಟಿಂಡಲ್‌ಗೂ ಈ ನಿಯಮಗಳ ವಿಷಯದಲ್ಲಿ ಮುಖ್ಯ ಗೈಡ್‌ನ ಕಚೇರಿಯೊಡನೆ ತಿಕ್ಕಾಟವಾಯಿತು.

ದೂರಿನಲ್ಲಿ ಸತ್ಯವಿಲ್ಲದಿರಲಿಲ್ಲ. ಸರದಿ ನುರಿತವನನ್ನೂ ಅನನುಭವಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿತ್ತು. ಹೊಸ ದಾರಿ ಹುಡುಕುವ ಉತ್ಸಾಹಕ್ಕೆ ಅದರಲ್ಲಿ ಪ್ರತಿಫಲವಿರಲಿಲ್ಲ. ಕಷ್ಟದ ಆರೋಹಣಗಳಿಗೂ, ವೈಜ್ಞಾನಿಕ ಕೆಲಸಕ್ಕೂ, ಗೈಡ್‌ನ ಪರಿಚಯ ಮೊದಲೇ ಇದ್ದವರಿಗೂ ವಿನಾಯಿತಿಗಳನ್ನು ಮುಂದೆ ಒಂದೊಂದಾಗಿ ಕೊಡಬೇಕಾಗಿ ಬಂತು. ಇಂಗ್ಲಿಷ್ ಆರೋಹಿ ಎಡ್ವರ್ಡ್ ವಿಂಪರ್ ನೆಚ್ಚಿಕೊಂಡಿದ್ದ ಗೈಡ್ ಮಿಶೆಲ್ ಕ್ರೋ ಇದೇ ಕಣಿವೆಯ ಲ ತೂರ್ ಎಂಬ ಮಜರೆಯವನು. 1865ರ ಜುಲೈ 14ರಂದು ಮ್ಯಾಟರ್‌ಹಾರ್ನ್ ಶಿಖರವನ್ನು ಮೊದಲ ಬಾರಿಗೆ ಏರಿ ಇಳಿಯುವಾಗ ಸತ್ತ ನಾಲ್ವರಲ್ಲಿ ಅವನೊಬ್ಬ. ಅವನಂಥವನು ಪಾಳಿಯಂತೆ ಸಿಗಲಾರನು. ಆದರೂ ಆ ಕಾಲದ ಬಹುಪಾಲು ಬರಹಗಳು ಕೆಲಸ ಕೊಡುವವರ ಕೈಯಿಂದ ಬಂದವು ಎಂಬುದನ್ನು ಮರೆಯಬಾರದು. ಒಂದು ಬೇಸಿಗೆಯಲ್ಲಿ ಹೆಸರಾಂತ ಹತ್ತು ಮಂದಿಗೆ ಮಾತ್ರ ಕೆಲಸ ಸಿಕ್ಕಿ ಉಳಿದವರು ಬರಿಗೈಯಲ್ಲಿ ಕೂತರೆ ಹಳ್ಳಿಯ ಗತಿ ಏನೆಂಬ ಪ್ರಶ್ನೆ ಆ ಬರಹಗಳಲ್ಲಿ ಏಳುವುದೇ ಇಲ್ಲ. ಸರದಿಯ ಗುರಿ ಅತ್ಯುತ್ತಮ ಗೈಡ್‌ನನ್ನು ಒದಗಿಸುವುದಾಗಿರಲಿಲ್ಲ, ಯಾವ ಮನೆಯ ಒಲೆಯೂ ಆರದಂತೆ ನೋಡಿಕೊಳ್ಳುವುದಾಗಿತ್ತು. ಅದನ್ನು ಆ ಗುರಿಯಿಂದಲೇ ಅಳೆಯಬೇಕು. ಇದರ ಮಾದರಿಯ ಮೇಲೆ 1850ರಲ್ಲಿ ಬೆಟ್ಟದ ಇಟಲಿ ಮಗ್ಗುಲಿನ ಕೂರ್ಮಾಯೋರ್ ಊರಿನಲ್ಲಿಯೂ ಗೈಡ್‌ಗಳ ಸಂಘ ಹುಟ್ಟಿತು.

ಹಂಚಿಕೊಳ್ಳುವ ಈ ಬುದ್ಧಿಗೆ ಇನ್ನೊಂದು ಮುಖವೂ ಇತ್ತು. ಕಣಿವೆಯಲ್ಲಿ ಹುಟ್ಟದವರಿಗೆ ಕಂಪನಿಯ ಬಾಗಿಲು ಮುಚ್ಚಿತ್ತು. ಪ್ಯಾರಿಸಿನಲ್ಲಿ ಹುಟ್ಟಿದ್ದ ರೋಜೆ ಫ್ರಿಸೋಂ ರೋಶ್ 1930ರಲ್ಲಿ ಸೇರಿದಾಗ, ಕಂಪನಿಯ ನೂರಕ್ಕೂ ಹೆಚ್ಚು ವರ್ಷಗಳ ಬಾಳಿನಲ್ಲಿ ಅವನೇ ಮೊದಲ ಹೊರಗಿನವನಾಗಿದ್ದನು. ಗೈಡ್‌ಗಳ ಜೀವನವನ್ನು ಕುರಿತು ಅವನು 1941ರಲ್ಲಿ ಪ್ರಕಟಿಸಿದ ಕಾದಂಬರಿ ಶಮೊನಿಯನ್ನು ಫ್ರೆಂಚ್ ಓದುಗರ ಮನೆಮಾತಾಗಿಸಿತು. ಹೆಂಗಸರ ಪಾಲಿಗೆ ಕಾಯುವಿಕೆ ಇನ್ನೂ ದೀರ್ಘವಾಯಿತು. ಹಳ್ಳಿಯ ಸಾಮಾನ್ಯ ಹೆಣ್ಣುಮಗಳು ಮರಿ ಪಾರದಿ 1808ರಷ್ಟು ಹಿಂದೆಯೇ, ಆನ್ರಿಯೆತ್ ದಾಂಜೆವಿಲ್ 1838ರಲ್ಲಿ ಮೌಂಟ್ ಬ್ಲಾಂಕ್ ಏರಿದ್ದರೂ, ಫ್ರಾನ್ಸಿನಲ್ಲಿ ಒಬ್ಬ ಮಹಿಳೆಗೆ ಉನ್ನತ ಪರ್ವತಗಳ ಗೈಡ್ ಎಂಬ ಅರ್ಹತೆ ದೊರಕಿದ್ದು 1983ರಲ್ಲಿ, ಮಾರ್ತೀನ್ ರೋಲಾಂ ಅವರಿಗೆ.

1860ರಲ್ಲಿ ಸವಾಯ್ ಫ್ರಾನ್ಸಿಗೆ ಸೇರಿತು. 1901ರಲ್ಲಿ ರೈಲು ಊರಿಗೆ ಬಂತು. ಮೋಂತಾವೇರಿಗೆ ಹಲ್ಲಿನ ಹಳಿಯ ರೈಲು ಹಾಕುವ ಯೋಜನೆಗೆ ಗೈಡ್‌ಗಳೂ ಹೇಸರಗತ್ತೆ ಹೊಡೆಯುವವರೂ ಬಲವಾಗಿ ಅಡ್ಡಿ ಮಾಡಿದರು, ಏಕೆಂದರೆ ಹಿಮನದಿ ತೋರಿಸುವ ಆ ಸುಲಭದ ಹಾದಿಯೇ ಬಹಳ ಮಂದಿಯ ದಿನದ ಗಳಿಕೆಯಾಗಿತ್ತು; ಆದರೂ 1908ರಲ್ಲಿ ರೈಲು ಓಡತೊಡಗಿತು. ಕಳೆದುಕೊಂಡ ಬೇಸಿಗೆಯ ಕೂಲಿಯನ್ನು ಒಂದು ಮಟ್ಟಿಗೆ ತುಂಬಿಕೊಟ್ಟದ್ದು ಚಳಿಗಾಲ. ಹಿಮದಲ್ಲಿ ರೋಗಿಗಳ ಮನೆಗೆ ಹೋಗಲು ಸ್ಕೀ ಬಳಸುತ್ತಿದ್ದ ಊರಿನ ವೈದ್ಯ ಮಿಶೆಲ್ ಪಯೋ 1903ರ ಜನವರಿಯಲ್ಲಿ ಗೈಡ್‌ಗಳ ಜೊತೆಗೂಡಿ ಶಮೊನಿಯಿಂದ ಸ್ವಿಟ್ಜರ್ಲೆಂಡಿನ ಜೆರ್ಮಾಟ್‌ವರೆಗೆ ಸ್ಕೀ ಮೇಲೆ ಸಾಗಿದನು. ಇಂದಿಗೂ ಸ್ಕೀ ಚಾರಣಿಗರು ಹಂಬಲಿಸುವ ಹಾದಿ ಅದು. 1924ರ ಜನವರಿ 25ರಿಂದ ಫೆಬ್ರವರಿ 5ರವರೆಗೆ 16 ದೇಶಗಳ ಕ್ರೀಡಾಪಟುಗಳು ಇಲ್ಲಿ ಸೇರಿದ ಚಳಿಗಾಲದ ಕ್ರೀಡಾವಾರವನ್ನು ತರುವಾಯ ಮೊದಲ ಚಳಿಗಾಲದ ಒಲಿಂಪಿಕ್ಸ್ ಎಂದು ಮಾನ್ಯ ಮಾಡಲಾಯಿತು. 1955ರಲ್ಲಿ ಏಗ್ವೀ ದ್ಯು ಮಿದಿ ಶಿಖರಕ್ಕೆ ತೂಗುಬಂಡಿ ಬಂದ ಮೇಲೆ 3,800 ಮೀಟರ್ ಎತ್ತರಕ್ಕೆ ಹೋಗಲು ಕಾಲಿನ ಅಗತ್ಯವೇ ಇಲ್ಲವಾಯಿತು.

ಭಾರತದ ಎರಡು ದುಃಖಗಳು ಈ ಬೆಟ್ಟದಲ್ಲಿ ಹುದುಗಿವೆ. 1950ರ ನವೆಂಬರ್ 3ರಂದು ಏರ್ ಇಂಡಿಯಾದ ‘ಮಲಬಾರ್ ಪ್ರಿನ್ಸೆಸ್’ ವಿಮಾನ ಶಿಖರದ ಸಮೀಪ ಬಂಡೆಗೆ ಅಪ್ಪಳಿಸಿ ಅದರಲ್ಲಿದ್ದ 48 ಮಂದಿಯೂ ಸತ್ತರು. ಯಾರಾದರೂ ಬದುಕಿರಬಹುದೇನೋ ಎಂದು ಚಳಿಗಾಲದ ಹಿಮದಲ್ಲಿ ಹೊರಟ ರಕ್ಷಣಾ ತಂಡದ ಗೈಡ್ ರೆನೆ ಪಯೋ ದಾರಿಯಲ್ಲೇ ಪ್ರಾಣ ತೆತ್ತನು. 1966ರ ಜನವರಿ 24ರಂದು ‘ಕಾಂಚನಜಂಗಾ’ ಎಂಬ ಹೆಸರಿನ ಬೋಯಿಂಗ್ 707 ಹೆಚ್ಚುಕಡಿಮೆ ಅದೇ ಎಡೆಯಲ್ಲಿ ಪತನವಾಗಿ 117 ಮಂದಿ ಸತ್ತರು. ಅವರಲ್ಲೊಬ್ಬರು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1939ರಿಂದ ಕೆಲವು ವರ್ಷ ಕೆಲಸ ಮಾಡಿ, ಮುಂದೆ ದೇಶದ ಪರಮಾಣು ಕಾರ್ಯಕ್ರಮವನ್ನು ಕಟ್ಟಿದ ಹೋಮಿ ಜಹಾಂಗೀರ್ ಭಾಭಾ. ಫೋರ್ಬ್ಸ್ ತಿಳಿಸಿದ್ದ ನಿಯಮ ಇಲ್ಲಿಯೂ ನಡೆಯಿತು. 2012ರಲ್ಲಿ ಬೊಸೋಂ ಹಿಮನದಿಯಲ್ಲಿ ಭಾರತ ಸರ್ಕಾರದ ರಾಜತಾಂತ್ರಿಕ ಅಂಚೆಯ ಚೀಲ ಸಿಕ್ಕಿತು. 2013ರಲ್ಲಿ ರತ್ನಗಳಿದ್ದ ಪೆಟ್ಟಿಗೆಯೊಂದನ್ನು ಕಂಡ ಆರೋಹಿ ಅದನ್ನು ಪೊಲೀಸರಿಗೆ ಒಪ್ಪಿಸಿದನು. 2020ರಲ್ಲಿ ಇಂದಿರಾ ಗಾಂಧಿ ಪ್ರಧಾನಿಯಾಗಿ ಆಯ್ಕೆಯಾದ ಸುದ್ದಿಯಿದ್ದ 1966ರ ಜನವರಿಯ ಭಾರತೀಯ ಪತ್ರಿಕೆಗಳು, ಓದಲು ಬರುವ ಸ್ಥಿತಿಯಲ್ಲಿಯೇ, ಹಿಮದಿಂದ ಈಚೆಗೆ ಬಂದವು.

1948ರ ಕಾನೂನಿನಿಂದ ಗೈಡ್‌ನ ಅರ್ಹತೆಯನ್ನು ನಿರ್ಧರಿಸುವ ಅಧಿಕಾರ ಫ್ರೆಂಚ್ ಸರ್ಕಾರದ ಕೈಗೆ ಹೋಯಿತು. ತರಬೇತಿ ಕೊಡುವ ರಾಷ್ಟ್ರೀಯ ಶಾಲೆ ಶಮೊನಿಯಲ್ಲಿಯೇ ಇದೆ. 1956ರ ಡಿಸೆಂಬರ್ ಕೊನೆಯಲ್ಲಿ ಇಬ್ಬರು ತರುಣರು ಮೌಂಟ್ ಬ್ಲಾಂಕ್ ಮೇಲೆ ಸಿಲುಕಿ, ನೆರವು ಮುಟ್ಟದೆ ದಿನಗಟ್ಟಲೆ ನರಳಿ ಸತ್ತ ಘಟನೆ ಊರನ್ನು ನಾಚಿಕೆಗೀಡು ಮಾಡಿದ ಮೇಲೆ, 1958ರಲ್ಲಿ ಪರ್ವತ ರಕ್ಷಣೆಗೆಂದೇ ಸರ್ಕಾರಿ ಪಡೆಯ ಘಟಕವೊಂದು ರೂಪುಗೊಂಡಿತು. ಹೀಗೆ ಕಂಪನಿಯ ಕೆಲಸಗಳಲ್ಲಿ ಅನೇಕವು ಬೇರೆಯವರ ಪಾಲಾದರೂ ನಿಧಿ ಮಾತ್ರ ಕಂಪನಿಯಲ್ಲೇ ಉಳಿಯಿತು. ಪ್ರತಿ ವರ್ಷ ಆಗಸ್ಟ್ 15ರಂದು, ಮೇರಿಮಾತೆಯ ಸ್ವರ್ಗಾರೋಹಣದ ಹಬ್ಬದ ದಿನ, ನಡೆಯುವ ಗೈಡ್‌ಗಳ ಹಬ್ಬಕ್ಕೂ ಈ ನಿಧಿಗೂ ನೇರ ನಂಟಿದೆ. ಸಮವಸ್ತ್ರ ತೊಟ್ಟು ಸಾಲಾಗಿ ನಿಂತ ಗೈಡ್‌ಗಳ ಹೆಸರುಗಳನ್ನು ಒಂದೊಂದಾಗಿ ಕೂಗಲಾಗುತ್ತದೆ, ಸತ್ತವರ ಸಮಾಧಿಗಳಿಗೆ ಹೂ ಅರ್ಪಿಸಲಾಗುತ್ತದೆ, ಪಾದ್ರಿ ಹಗ್ಗಗಳನ್ನೂ ಹಿಮಗೊಡಲಿಗಳನ್ನೂ ಆಶೀರ್ವದಿಸುತ್ತಾನೆ. ಹಬ್ಬದಲ್ಲಿ ಕೂಡಿದ ಹಣ ನಿಧಿಗೆ ಸೇರುತ್ತದೆ. ಪ್ರವಾಸಿಗಳು ಇದನ್ನು ವರ್ಣರಂಜಿತ ಆಚರಣೆಯಾಗಿ ನೋಡುವುದು ಸಹಜವಾದರೂ, ಇದರ ತಿರುಳು 1820ರ ಮೂವರ ಸಾವು ಎತ್ತಿದ ಪ್ರಶ್ನೆಯಲ್ಲಿಯೇ ಇದೆ. ಶಿಖರಾರೋಹಣವನ್ನು 2019ರಲ್ಲಿ ಯುನೆಸ್ಕೋ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್ ದೇಶಗಳು ಮನವಿ ಸಲ್ಲಿಸಿದ್ದವು; ಪರಂಪರೆಯ ಭಾಗವಾಗಿ ಅವು ಎಣಿಸಿದ್ದರಲ್ಲಿ ಹಗ್ಗದಲ್ಲಿ ಜೊತೆ ಕಟ್ಟಿಕೊಂಡವರ ನಡುವಿನ ಹೊಣೆಯೂ ಇತ್ತು.

ಇಂದು ಆ ಕಸುಬಿನ ನೆಲೆಯೇ ಅಲುಗುತ್ತಿದೆ. ಮೇರ್ ದ ಗ್ಲಾಸ್ ತಲುಪಲು ಮೋಂತಾವೇರಿನಿಂದ 1988ರಲ್ಲಿ ಹೊಸ ತೂಗುಬಂಡಿ ಹಾಕಿದಾಗ ಅಲ್ಲಿಂದ ಹಿಮದವರೆಗೆ ಇಳಿಯಬೇಕಾಗಿದ್ದದ್ದು ಮೂರೇ ಮೆಟ್ಟಿಲು. ಹಿಮನದಿ ಕುಗ್ಗಿದಂತೆಲ್ಲ ಮೆಟ್ಟಿಲುಗಳನ್ನು ಸೇರಿಸುತ್ತ ಹೋಗಿ ಅವುಗಳ ಸಂಖ್ಯೆ 500 ಮೀರಿದ ಮೇಲೆ, ಇನ್ನೂ ಮೇಲ್ಗಡೆ ಬೇರೆ ತೂಗುಬಂಡಿಯನ್ನು ಕಟ್ಟಬೇಕಾಯಿತು. ಬಂಡೆಗಳನ್ನು ಹಿಡಿದಿಟ್ಟಿದ್ದ ಒಳಗಿನ ಮಂಜುಗಡ್ಡೆ ಕರಗುವುದರಿಂದ ಕಲ್ಲುಗಳು ಹೆಚ್ಚಾಗಿ ಉರುಳುತ್ತಿವೆ. 2022ರ ಜುಲೈನಲ್ಲಿ ಬಿಸಿಲು ವಿಪರೀತವಾದಾಗ ಶಮೊನಿಯ ಕಂಪನಿಯೂ ನೆರೆಯ ಸ್ಯಾಂ ಜೆರ್ವೆಯ ಕಂಪನಿಯೂ ಮೌಂಟ್ ಬ್ಲಾಂಕಿನ ಸಾಮಾನ್ಯ ಹಾದಿಯ ಆರೋಹಣಗಳನ್ನು ತಾವಾಗಿ ನಿಲ್ಲಿಸಿದವು. ಬೇಸಿಗೆಯ ನಡುವಿನ ಗಳಿಕೆಯನ್ನು ಕೈಬಿಡುವ ಇಂಥ ನಿರ್ಧಾರ ಒಬ್ಬೊಬ್ಬನೇ ದುಡಿಯುವ ಗೈಡ್‌ಗೆ ಕಷ್ಟ. ಅವನು ಒಲ್ಲೆನೆಂದ ಕೆಲಸವನ್ನು ಪಕ್ಕದವನು ಒಪ್ಪಿಕೊಳ್ಳಬಹುದೆಂಬ ಅಂಜಿಕೆ ಅವನಿಗಿರುತ್ತದೆ. ಇನ್ನೂರಕ್ಕೂ ಹೆಚ್ಚು ಗೈಡ್‌ಗಳಿರುವ ಸಂಘ ಒಟ್ಟಾಗಿ ಇಂದು ಹೋಗಬಾರದು ಎಂದು ಹೇಳಿದರೆ ಆ ಅಂಜಿಕೆಗೆ ಎಡೆಯಿರುವುದಿಲ್ಲ. 1821ರ ಏರ್ಪಾಟಿನ ಬಳಕೆ ಈಗ ಮುಖ್ಯವಾಗಿ ಈ ಬಗೆಯ ನಿರ್ಧಾರಗಳಲ್ಲಿ, ಮತ್ತು ಮೌಂಟ್ ಬ್ಲಾಂಕಿಗೆಂದು ಬಂದವರನ್ನು ಆ ಋತುವಿಗೆ ಹೊಂದುವ ಬೇರೆ ಹಾದಿಗಳಿಗೆ ಕರೆದೊಯ್ಯುವುದರಲ್ಲಿ ಕಾಣುತ್ತದೆ.